ನೌನ್, ವರ್ಬ್‌ಗಳಿಂದ ಅಡ್ಜೆಕ್ಟಿವ್ ಮಾಡೋದು ನನ್ನ ಕೈಗೆ ಹತ್ತಿದ್ದು ಹೀಗೆ

ನನ್ನ ಮೊದಲನೇ ಇಂಟರ್‌ವ್ಯೂನಲ್ಲಿ ಈ ಕೆಲಸ ನಿಮಗೆ ಯಾಕೆ ಬೇಕು ಅಂತ ಕೇಳಿದಾಗ ನಾನು "ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ವರ್ಕ್" ಅಂದಿದ್ದೆ. ಎದುರಿಗೆ ಕೂತಿದ್ದವರು ಏನೂ ಹೇಳ್ಲಿಲ್ಲ, ತಪ್ಪಾಗಿದೆ ಅನ್ನೋದೂ ನನಗೆ ಗೊತ್ತಾಗ್ಲಿಲ್ಲ. ಎಷ್ಟೋ ತಿಂಗಳಾದ್ಮೇಲೆ ಬೇರೆ ಕಡೆ ಕೆಲಸಕ್ಕೆ ಸೇರಿ ಅದೇ ತಪ್ಪನ್ನ ಒಂದು ಮೇಲ್‌ನಲ್ಲಿ ಬರೆದಾಗ ಅಲ್ಲಿದ್ದ ಸೀನಿಯರ್ ಮೇಡಂ ಒಬ್ರು ಪಕ್ಕಕ್ಕೆ ಕರೆದು, "ನೋಡಪ್ಪ, ಇಂಟರೆಸ್ಟಿಂಗ್ ಅಂದ್ರೆ ಆಸಕ್ತಿ ಹುಟ್ಟಿಸೋ ಅಂತ, ಇಂಟರೆಸ್ಟೆಡ್ ಅಂದ್ರೆ ಆಸಕ್ತಿ ಹುಟ್ಟಿರೋ ಅಂತ, ನಿನಗೆ ಯಾವುದು ಬೇಕು?" ಅಂತ ಕೇಳಿದ್ರು. ಹುಟ್ಟಿಸೋ, ಹುಟ್ಟಿರೋ. ಈ ಎರಡು ಪದ ನನಗೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ.

ಅಲ್ಲಿವರೆಗೂ ನಾನು ಮಾಡ್ತಿದ್ದಿದ್ದು ಬಾಯಿಪಾಠ. ಒಂದು ನೋಟ್‌ಬುಕ್ಕಲ್ಲಿ ಗೆರೆ ಎಳೆದು ಒಂದು ಕಡೆ ನೌನ್, ಒಂದು ಕಡೆ ವರ್ಬ್, ಕೊನೇಲಿ ಅಡ್ಜೆಕ್ಟಿವ್ ಅಂತ ಬರ್ಕೊಂಡು ದಿನಾ ಹತ್ತು ಪದ ಉರು ಹೊಡೀತಿದ್ದೆ, ವಾರ ಕಳೆಯೋದ್ರೊಳಗೆ ಅರ್ಧ ಮರ್ತೋಗ್ತಿತ್ತು. ಬ್ಯೂಟಿ ಹೋಗಿ ಬ್ಯೂಟಿಫುಲ್ ಆದ್ರೆ ಡೇಂಜರ್ ಯಾಕೆ ಡೇಂಜರ್‌ಫುಲ್ ಆಗಲ್ಲ, ಡೇಂಜರಸ್ ಯಾಕಾಗತ್ತೆ ಅನ್ನೋದಕ್ಕೆ ಆ ಪಟ್ಟಿಯಲ್ಲಿ ಉತ್ತರ ಇರ್ಲಿಲ್ಲ. ಸುಮಾರು ಪದಗಳು ಲ್ಯಾಟಿನ್, ಫ್ರೆಂಚ್‌ನಿಂದ ತಮ್ಮ ಬಾಲ, ಅಂದ್ರೆ ಪದದ ಕೊನೆಗೆ ಅಂಟಿರೋ ತುಂಡಿನ ಸಮೇತ ಇಂಗ್ಲಿಷಿಗೆ ಬಂದಿವೆ, ಡೇಂಜರಸ್ ಕೂಡ ಫ್ರೆಂಚ್ ಕಡೆಯಿಂದ ಬಂದಿದ್ದು, ಹಾಗಾಗಿ ಎಲ್ಲಾ ಪದಕ್ಕೂ ಒಂದೇ ರೂಲ್ ಇಲ್ಲ ಅಂತ ಆಮೇಲೆ ಓದಿದೆ. ಅದು ಗೊತ್ತಾದ್ಮೇಲೆ ರೂಲ್ ಹುಡುಕೋದು ಬಿಟ್ಟು, ಆ ಬಾಲ ಏನು ಹೇಳತ್ತೆ ಅನ್ನೋದನ್ನ ನೋಡೋಕೆ ಶುರು ಮಾಡಿದೆ.

ನೋಡ್ತಾ ಹೋದ್ರೆ ಇದೆಲ್ಲ ಕನ್ನಡದಲ್ಲಿ ನಾನು ದಿನಾ ಮಾಡೋ ಕೆಲಸಾನೇ. ಮೀನಿಂಗ್‌ಫುಲ್ ಅಂದ್ರೆ ಅರ್ಥಪೂರ್ಣ, ಮೀನಿಂಗ್‌ಲೆಸ್ ಅಂದ್ರೆ ಅರ್ಥಹೀನ. ಫುಲ್ ಇದ್ದ ಕಡೆ ಪೂರ್ಣ, ಲೆಸ್ ಇದ್ದ ಕಡೆ ಹೀನ, ರಹಿತ, ಇಲ್ಲಾ ಸುಮ್ನೆ 'ಇಲ್ಲದ'. ಹಿಸ್ಟರಿ ಹಿಸ್ಟಾರಿಕ್ ಆಗೋದು ನೋಡಿದಾಗ ಇತಿಹಾಸ ಐತಿಹಾಸಿಕ ಆಗೋದು ನೆನಪಾಯ್ತು. ಸಮಾಜ ಸಾಮಾಜಿಕ ಆದಾಗ ಮೊದಲ ಅಕ್ಷರ ಹಿಗ್ಗತ್ತಲ್ಲ, ಹಾಗೇ ಇಂಗ್ಲಿಷಲ್ಲೂ ಇಕ್ ಸೇರಿದಾಗ ಎಷ್ಟೋ ಸಲ ಪದದ ಒತ್ತು, ಅಂದ್ರೆ ಜೋರಾಗಿ ಒತ್ತಿ ಹೇಳೋ ಭಾಗ, ಜಾಗ ಬದಲಾಯಿಸತ್ತೆ. ಎಕಾನಮಿಯಲ್ಲಿ 'ಕಾ' ಮೇಲಿದ್ದ ಒತ್ತು ಎಕನಾಮಿಕ್ ಅಂದಾಗ 'ನಾ' ಮೇಲೆ ಬರತ್ತೆ. ಇಕ್ ಇರೋ ಹೆಚ್ಚಿನ ಪದಗಳಲ್ಲಿ ಒತ್ತು ಅದರ ಹಿಂದಿನ ಅಕ್ಷರಕ್ಕೇ, ಹೀರೋಯಿಕ್, ಫೋಟೋಗ್ರಾಫಿಕ್ ಹೇಳಿ ನೋಡಿ. ನನ್ನ ಉಚ್ಚಾರಣೆ ಸುಧಾರಿಸಿದ್ದಕ್ಕೆ ಈ ಒಂದು ವಿಷಯ ದೊಡ್ಡ ಕಾರಣ.

ವರ್ಬ್‌ನಿಂದ ಮಾಡೋದ್ರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಏಬಲ್. ಸಹಿಸಬಹುದಾದ್ದು ಸಹನೀಯ ಅಂದ್ರೆ ಬೇರಬಲ್, ಗಮನಿಸಬಹುದಾದ್ದು ಅಂದ್ರೆ ನೋಟಿಸಬಲ್. ಇಲ್ಲಿ ಒಂದು ಸೂಕ್ಷ್ಮ ಇದೆ: ಏಬಲ್ ಸೇರಿಸಿದಾಗ ಸಾಮಾನ್ಯವಾಗಿ ಆ ಕೆಲಸ ಮಾಡೋರ ಬಗ್ಗೆ ಅಲ್ಲ, ಮಾಡಿಸ್ಕೊಳ್ಳೋದ್ರ ಬಗ್ಗೆ ಹೇಳ್ತಿರ್ತೀವಿ. ರೀಡಬಲ್ ಆಗಿರೋದು ಪುಸ್ತಕ, ಓದುಗ ಅಲ್ಲ. ರಿಲಯಬಲ್ ಅಂದ್ರೆ ಬೇರೆಯವರನ್ನ ನಂಬೋ ಮನುಷ್ಯ ಅಲ್ಲ, ಬೇರೆಯವರು ನಂಬಬಹುದಾದ ಮನುಷ್ಯ. ಮಾಡೋ ಸ್ವಭಾವ ಹೇಳ್ಬೇಕಾದ್ರೆ ಹೆಚ್ಚಾಗಿ ಇವ್ ಬರತ್ತೆ, ಕ್ರಿಯೇಟ್ ಮಾಡೋರು ಕ್ರಿಯೇಟಿವ್, ಅಟ್ರಾಕ್ಟ್ ಮಾಡೋದು ಅಟ್ರಾಕ್ಟಿವ್. ಡಿಸೈಡ್, ಎಕ್ಸ್‌ಪ್ಲೋಡ್ ಥರ 'ಡ' ಸದ್ದಲ್ಲಿ ಮುಗಿಯೋ ಎಷ್ಟೋ ವರ್ಬ್‌ಗಳು ಡಿಸೈಸಿವ್, ಎಕ್ಸ್‌ಪ್ಲೋಸಿವ್ ಆಗ್ತವೆ.

ಇಂಗ್, ಎಡ್ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ನನಗೆ ಗೊತ್ತಿರೋ ಎಷ್ಟೋ ಜನ ಇನ್ನೂ ಸಿಕ್ಕಿ ಹಾಕ್ಕೊಳ್ಳೋದು ಇಲ್ಲೇ. ಬಾಯ್ಲಿಂಗ್ ವಾಟರ್ ಅಂದ್ರೆ ಕುದೀತಿರೋ ನೀರು, ಕೈ ಹಾಕಿದ್ರೆ ಸುಡತ್ತೆ. ಬಾಯ್ಲ್ಡ್ ವಾಟರ್ ಅಂದ್ರೆ ಕುದಿಸಿದ ನೀರು, ಆರಿಸಿಟ್ಟು ಕುಡೀಬಹುದು. ಈ ವ್ಯತ್ಯಾಸ ಕನ್ನಡ ಮಾತಾಡೋ ಮಗುಗೂ ಗೊತ್ತು, ಅದನ್ನೇ ತಗೊಂಡೋಗಿ ಬೇಸರ, ಗೊಂದಲ, ಸುಸ್ತು ಇಂಥವಕ್ಕೆ ಹಚ್ಚಿದ್ರೆ ಆಯ್ತು. ಗೊಂದಲ ಮಾಡೋ ಪ್ರಶ್ನೆ ಕನ್‌ಫ್ಯೂಸಿಂಗ್, ಗೊಂದಲಕ್ಕೆ ಬಿದ್ದ ನಾನು ಕನ್‌ಫ್ಯೂಸ್ಡ್. ಈಗಲೂ ಬರೆಯೋವಾಗ ಅನುಮಾನ ಬಂದ್ರೆ ಮನಸ್ಸಲ್ಲೇ 'ಮಾಡೋದಾ, ಆಗಿರೋದಾ' ಅಂತ ಒಂದ್ಸಲ ಕೇಳ್ಕೋತೀನಿ.

ಆದ್ರೆ ಕನ್ನಡವನ್ನೇ ನಂಬ್ಕೊಂಡು ಪೂರ್ತಿ ದಾರಿ ಹೋಗೋಕಾಗಲ್ಲ, ಅದನ್ನೂ ಹೇಳ್ಬೇಕು. ಪ್ರೈಸ್‌ಲೆಸ್ ಅಂದ್ರೆ ಬೆಲೆ ಇಲ್ಲದ್ದು ಅಂದ್ಕೊಂಡು, ಪ್ರಯೋಜನಕ್ಕೆ ಬಾರದ ಒಂದು ರಿಪೋರ್ಟ್ ಬಗ್ಗೆ ನಾನು ಹಾಗೇ ಬರೆದಿದ್ದೆ, ಅದರ ಅರ್ಥ ಬೆಲೆ ಕಟ್ಟೋಕಾಗದಷ್ಟು ಅಮೂಲ್ಯ ಅಂತ. ನಾನು ಬರೀಬೇಕಾಗಿದ್ದು ವರ್ತ್‌ಲೆಸ್. ಇನ್‌ಫೇಮಸ್ ಅಂದ್ರೂ ಪ್ರಸಿದ್ಧಿ ಇಲ್ಲದೋರು ಅಲ್ಲ, ಕುಖ್ಯಾತರು. ಹೋಮ್‌ಲೆಸ್ ಇದೆ, ಹೋಮ್‌ಫುಲ್ ಅಂತ ಯಾರೂ ಅನ್ನಲ್ಲ. ಫ್ರೆಂಡ್ಲಿ, ಕಾಸ್ಟ್ಲಿ ಇವೆಲ್ಲ ನೋಡೋಕೆ ಅಡ್ವರ್ಬ್ ಥರ ಇದ್ರೂ ನೌನ್‌ಗೆ ಲಿ ಸೇರಿ ಆದ ಅಡ್ಜೆಕ್ಟಿವ್‌ಗಳು, ಅದಕ್ಕೇ 'ಹಿ ಸ್ಪೋಕ್ ಫ್ರೆಂಡ್ಲಿ' ಅಂತ ಬರೆಯೋ ಬದಲು 'ಇನ್ ಎ ಫ್ರೆಂಡ್ಲಿ ವೇ' ಅಂತ ಬರೆಯೋದು. ಚೈಲ್ಡಿಶ್ ಅಂದ್ರೆ ಬೈಗುಳ, ಚೈಲ್ಡ್‌ಲೈಕ್ ಅಂದ್ರೆ ಮೆಚ್ಚುಗೆ. ಇಂಥವನ್ನ ವಾಕ್ಯದೊಳಗೇ ನೋಡಿ ಕಲೀಬೇಕು, ಬೇರೆ ದಾರಿ ನನಗೆ ಸಿಕ್ಕಿಲ್ಲ.

ಸ್ಪೆಲಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಫುಲ್ ಬಾಲವಾದಾಗ ಒಂದೇ ಎಲ್. ಎಷ್ಟೋ ಕಡೆ ವೈ ಹೋಗಿ ಐ ಬರತ್ತೆ, ರಿಲೈ ರಿಲಯಬಲ್ ಆದ ಹಾಗೆ. ಯೂಸಬಲ್‌ನಲ್ಲಿ ಇ ಬಿಡಬಹುದು, ನೋಟಿಸಬಲ್, ಮ್ಯಾನೇಜಬಲ್‌ಗಳಲ್ಲಿ ಬಿಡಬಾರದು, ಬಿಟ್ರೆ ಓದುವಾಗ ಸ ಸದ್ದು ಹೋಗಿ ಕ ಆಗತ್ತೆ, ಜ ಸದ್ದು ಹೋಗಿ ಗ ಆಗತ್ತೆ. ಎ ಬಿ ಎಲ್ ಇ ಹಾಕೋದಾ, ಐ ಬಿ ಎಲ್ ಇ ಹಾಕೋದಾ ಅನ್ನೋದಕ್ಕೆ ಬಾಲ ಕಿತ್ತು ನೋಡ್ತೀನಿ, ಉಳಿದಿದ್ದು ಪೂರ್ತಿ ಪದ ಆಗಿದ್ರೆ ಸಾಮಾನ್ಯವಾಗಿ ಎ, ವಿಸಿಬಲ್, ಪಾಸಿಬಲ್ ಥರ ತುಂಡು ಉಳಿದ್ರೆ ಹೆಚ್ಚಾಗಿ ಐ. ಫ್ಲೆಕ್ಸಿಬಲ್ ಥರ ಕೆಲವು ಈ ಲೆಕ್ಕ ತಪ್ಪಿಸ್ತವೆ, ಡಿಕ್ಷನರಿ ತೆಗೀಬೇಕು.

ಅಭ್ಯಾಸಕ್ಕೆ ನಾನು ಈಗ ಮಾಡೋದು, ಬೇರೆಯವರಿಗೆ ಹೇಳ್ಕೊಡೋದೂ ಒಂದೇ: ಒಂದು ಪದ ಹಿಡೀರಿ, ಅದರಿಂದ ಹುಟ್ಟೋ ಅಡ್ಜೆಕ್ಟಿವ್‌ಗಳನ್ನೆಲ್ಲ ಒಂದೇ ವಸ್ತು ಮೇಲೆ ಹಚ್ಚಿ ನೋಡಿ. ಮೊನ್ನೆ ನನ್ನ ತಂಗಿ ಮಗಳು ಯೂಸ್ ಅನ್ನೋ ಪದ ತಗೊಂಡು ಕೂತಿದ್ಲು. ವಸ್ತು ಒಂದು ಸೈಕಲ್ ಅಂತ ಇಟ್ಕೊಂಡ್ವಿ. ಬೇರೆಯವರು ಓಡಿಸಿದ್ದು ಆದ್ರಿಂದ ಯೂಸ್ಡ್. ದಿನಾ ಓಡಾಡೋಕೆ ಬೇಕಾಗತ್ತೆ, ಯೂಸ್‌ಫುಲ್. ಇವತ್ತು ಟೈರ್ ಪಂಕ್ಚರ್, ಹಾಗಾಗಿ ಯೂಸಬಲ್ ಅಲ್ಲ. "ಹಾಗಾದ್ರೆ ಯೂಸ್‌ಲೆಸ್ ಆಯ್ತಲ್ವಾ ಮಾಮ?" ಅಂದ್ಲು. ನಾನು ಬಾಯಿ ತೆರೆಯೋ ಮುಂಚೆ ಅವಳೇ ಸ್ವಲ್ಪ ಯೋಚ್ನೆ ಮಾಡಿ, "ಇಲ್ಲ, ಪಂಕ್ಚರ್ ಹಾಕಿಸಿದ್ರೆ ಆಗತ್ತೆ, ನಾಟ್ ಯೂಸಬಲ್ ನೌ ಅಷ್ಟೇ" ಅಂತ ತನ್ನ ವಾಕ್ಯ ಹೊಡೆದು ಹಾಕಿ ಹೊಸದಾಗಿ ಬರ್ಕೊಂಡ್ಲು.