ಒಳಪೆಟ್ಟಿನ ಕಪ್ಪು ಕಲೆ ಇನ್ನೂ ಹೋಗಿಲ್ಲವೇ? ಡಾಕ್ಟರಿಗೆ ತೋರಿಸಬೇಕೋ ಬೇಡವೋ, ಹೀಗೆ ನೋಡಿಕೊಳ್ಳಿ

ಸ್ಕೂಟರ್ ಹಂಪ್ ಹಾರಿ ಹಿಂದೆ ಕೂತವರು ಬಿದ್ದರು ಅಂದುಕೊಳ್ಳಿ. ಮೂಳೆಗೆ ಏನೂ ಆಗಿಲ್ಲ, ಚರ್ಮವೂ ಕಿತ್ತಿಲ್ಲ. ತೊಡೆ ಮಾತ್ರ ಅಂಗೈ ಅಗಲ ಕಪ್ಪಗಾಗಿದೆ. ಒಳಪೆಟ್ಟು, ತಾನಾಗೇ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಹಳ ಸಲ ಅದು ನಿಜವೇ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ಸೋರಿದ ರಕ್ತವನ್ನು ದೇಹವೇ ಹೀರಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡು ವಾರ ಸಾಕು. ಕಾಲಿನಲ್ಲಾದರೆ ಇನ್ನೊಂದೆರಡು ವಾರ ಜಾಸ್ತಿ ಹಿಡಿಯಬಹುದು. ಆದರೆ ಬರೀ ದಿನ ಎಣಿಸುತ್ತಾ ಕೂತರೆ ಸಾಲದು. ಕಲೆ ಕುಗ್ಗುತ್ತಿದೆಯೋ ಹಿಗ್ಗುತ್ತಿದೆಯೋ ಅನ್ನುವುದನ್ನು ನೋಡಬೇಕು.

ಮೊದಲ ಎರಡು ದಿನ

ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಮಲಗುವಾಗ ಕಾಲ ಕೆಳಗೆ ದಿಂಬು ಇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಟ್ಟರು ಅಂತ ನುಂಗಬೇಡಿ.

ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ, ತಿಕ್ಕಬೇಡಿ. ನಮ್ಮಲ್ಲಿ ಯಾರಾದರೂ ಬಿದ್ದರೆ ಸಾಕು, ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿ ಬಿಸಿನೀರು ಹುಯ್ಯುವವರು ಮನೆಗೊಬ್ಬರು ಸಿಗುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನಿಂತಿದ್ದ ರಕ್ತ ಇದರಿಂದ ಮತ್ತೆ ಸೋರುತ್ತದೆ. ತೊಡೆಯ ಮಾಂಸಖಂಡಕ್ಕೆ ಜೋರು ಪೆಟ್ಟು ಬಿದ್ದ ಮೇಲೆ ಒತ್ತಿ ತಿಕ್ಕಿದರೆ, ಒಳಗೆ ಮೂಳೆಯೇ ಬೆಳೆದು ಗಟ್ಟಿ ಗಂಟಾಗುವ ಅಪಾಯವೂ ಇದೆ. ಆಮೇಲೆ ಮಂಡಿ ಮಡಿಸಲು ತಿಂಗಳುಗಟ್ಟಲೆ ಒದ್ದಾಡಬೇಕಾಗುತ್ತದೆ.

ಬಾಲ್ ಪೆನ್ನಿನಿಂದ ಗೆರೆ ಎಳೆಯಿರಿ

ಕಪ್ಪಗಾದ ಜಾಗದ ಅಂಚಿನಲ್ಲಿ ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ಕಿಟಕಿ ಬೆಳಕಿನಲ್ಲಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮರುದಿನ ಅದೇ ಹೊತ್ತಿಗೆ ಮತ್ತೊಂದು. ಸ್ನಾನ ಮಾಡಿದಾಗ ಗೆರೆ ಮಾಸಿದರೆ ಅದರ ಮೇಲೇ ಮತ್ತೆ ಎಳೆಯಿರಿ. ಡಾಕ್ಟರ ಹತ್ತಿರ ಹೋಗುವ ಹಾಗಾದರೆ ಈ ಫೋಟೊಗಳಿಂದ ಅವರಿಗೆ ತುಂಬಾ ಅನುಕೂಲ.

ಮೊದಲು ಕೆಂಪು, ಆಮೇಲೆ ನೀಲಿ ಇಲ್ಲವೇ ನೇರಳೆ, ಒಂದು ವಾರದ ಹೊತ್ತಿಗೆ ಹಸಿರು, ಹಳದಿ, ಕೊನೆಗೆ ಕಂದು. ಹಿಮೋಗ್ಲೋಬಿನ್ ಒಡೆಯುತ್ತಾ ಹೋದಂತೆ ಬಣ್ಣ ಹೀಗೆ ಬದಲಾಗುತ್ತದೆ, ಅಂದರೆ ವಾಸಿಯಾಗುತ್ತಿದೆ. ನಮ್ಮಲ್ಲಿ ಬಹಳ ಜನರ ಕಪ್ಪು ಮೈಬಣ್ಣಕ್ಕೆ ಹಸಿರು, ಹಳದಿ ಸರಿಯಾಗಿ ಕಾಣುವುದಿಲ್ಲ. ಆಗ ಕೈ ಇಟ್ಟು ನೋಡಿ. ಇನ್ನೊಂದು ಕಾಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ?

ಕಲೆ ಕೆಳಗಿಳಿದರೆ ಗಾಬರಿ ಬೇಡ. ಸೊಂಟಕ್ಕೆ ಬಿದ್ದ ಪೆಟ್ಟಿನ ಬಣ್ಣ ನಾಲ್ಕು ದಿನಕ್ಕೆ ಮಂಡಿ ಹತ್ತಿರ ಕಾಣಿಸಬಹುದು. ರಕ್ತ ಕೆಳಕ್ಕೆ ಜಾರುವುದು ಸಹಜ. ಬಣ್ಣ ತಿಳಿಯಾಗುತ್ತಾ, ನೋವು ಕಡಿಮೆಯಾಗುತ್ತಾ ಜಾರುತ್ತಿರಬೇಕು, ಅಷ್ಟೇ.

ಯಾವಾಗ ತೋರಿಸಬೇಕು

ಎರಡು ವಾರವಾದರೂ ಕಲೆ ಸ್ವಲ್ಪವೂ ತಿಳಿಯಾಗಿಲ್ಲ, ಒಳಗೆ ಗಟ್ಟಿ ಗಡ್ಡೆ ಹಾಗೇ ಉಳಿದಿದೆ ಅಂದರೆ ತೋರಿಸಿ. ರಕ್ತ ಒಂದೇ ಕಡೆ ಹೆಪ್ಪುಗಟ್ಟಿ ನಿಂತಿರಬಹುದು, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಮನೆಯಲ್ಲಿ ಬ್ಲೇಡಿನಿಂದ ಕೊಯ್ದು ರಕ್ತ ತೆಗೆಯುವುದು, ಸೂಜಿ ಚುಚ್ಚುವುದು ಖಂಡಿತ ಬೇಡ, ಕೀವು ತುಂಬಿಕೊಳ್ಳುತ್ತದೆ. ಜಾಗ ಕೆಂಪಾಗಿ ಸುಡುತ್ತಿದ್ದು ಜ್ವರವೂ ಬಂದರೆ ಆಗಲೇ ಸೋಂಕು ಹತ್ತಿದೆ ಅಂತ ಅರ್ಥ. ಸಕ್ಕರೆ ಕಾಯಿಲೆ ಇರುವವರು ಇದರಲ್ಲಿ ಒಂದು ದಿನವನ್ನೂ ಕಳೆಯಬಾರದು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿರುವವರಿಗೆ ಸಣ್ಣ ಪೆಟ್ಟಿಗೂ ದೊಡ್ಡ ಕಲೆಯಾಗುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಕುತ್ತು. ಬರೆದುಕೊಟ್ಟ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ.

ಪೆಟ್ಟೇ ಬೀಳದೆ ಮೈಮೇಲೆ ಅಲ್ಲಲ್ಲಿ ಕಲೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಜೊತೆಗೆ ಸುಸ್ತು ಅಥವಾ ಜ್ವರ ಇದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಮಳೆಗಾಲದಲ್ಲಿ ಡೆಂಗಿ ಇರಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಚಿಕ್ಕ ಗಂಡು ಮಗು ಪದೇ ಪದೇ ಕಪ್ಪುಗಟ್ಟಿ ಮಂಡಿ ಊದಿಸಿಕೊಳ್ಳುತ್ತಿದ್ದರೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟು ಕಾಯಿಲೆ, ಇದೆಯಾ ಅಂತ ಕೇಳಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥ ಕುಟುಂಬಗಳಿಗಾಗಿಯೇ ಇದೆ. ಇನ್ನೂ ನಡೆಯದ ಹಸುಗೂಸಿನ ಮೈಮೇಲೆ ಕಲೆ ಕಂಡರೆ ಕಾಯಬೇಡಿ, ತಕ್ಷಣ ತೋರಿಸಿ.

ಈಗಲೇ ಹೊರಡಬೇಕಾದ ಸಂದರ್ಭಗಳು

ಮೊಣಕಾಲ ಕೆಳಗೆ ಪೆಟ್ಟು ಬಿದ್ದು ಕಾಲು ಬಿಗಿದು, ಬೆರಳು ಅಲ್ಲಾಡಿಸಿದರೆ ಪ್ರಾಣ ಹೋಗುವಷ್ಟು ನೋವು, ಜೋಮು ಇದ್ದರೆ ಬೆಳಗಾಗಲಿ ಅಂತ ಕೂರಬೇಡಿ. ಒಳಗಿನ ಒತ್ತಡಕ್ಕೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ.

ತಲೆಗೆ ಪೆಟ್ಟಾದ ಮೇಲೆ ಎರಡೂ ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪಾದರೆ ತಲೆಬುರುಡೆ ಬಿರುಕು ಬಿಟ್ಟಿರಬಹುದು. ವಯಸ್ಸಾದವರು ಬಚ್ಚಲಲ್ಲಿ ಜಾರಿ ತಲೆ ತಗಲಿಸಿಕೊಂಡರೆ ಇನ್ನೂ ಹುಷಾರಾಗಿರಬೇಕು. ಹಣೆಯ ಕಲೆ ಹೋಗಿ ಎರಡು ಮೂರು ವಾರ ಕಳೆದ ಮೇಲೆ ಅಜ್ಜಿ ತಲೆನೋವು ಅಂತಾರೆ, ಮಾತು ತಡವರಿಸುತ್ತದೆ, ನಡಿಗೆ ಎಡವುತ್ತದೆ. ವಯಸ್ಸಾಯ್ತು ಅಂತ ಸುಮ್ನೆ ಬಿಟ್ಟುಬಿಡುತ್ತೇವೆ. ಮೆದುಳಿನ ಮೇಲೆ ನಿಧಾನವಾಗಿ ರಕ್ತ ಸೇರಿದ್ದರೂ ಹೀಗೇ ಆಗುತ್ತದೆ, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಸೈಕಲ್ ಹ್ಯಾಂಡಲ್ ಮಗುವಿನ ಹೊಟ್ಟೆಗೆ ಚುಚ್ಚಿ ದುಂಡಗೆ ಕಲೆ ಬಿದ್ದಿದ್ದರೆ ಅದು ಎಷ್ಟೇ ಸಣ್ಣದಿರಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗೆ ಯಕೃತ್ತು, ಗುಲ್ಮ, ಮೇದೋಜೀರಕ ಗ್ರಂಥಿ ಸೀಳಿರಬಹುದು. ಹೊಟ್ಟೆನೋವು, ವಾಂತಿ ತಡವಾಗಿ ಶುರುವಾಗುವುದೂ ಉಂಟು.

ಹೊಲ, ತೋಟದಲ್ಲಿ ಕಾಲಿಗೆ ಏನೋ ಚುಚ್ಚಿದ ಹಾಗಾಗಿ, ಊತ ಮತ್ತು ಕಪ್ಪು ಮೇಲಕ್ಕೆ ಏರುತ್ತಿದ್ದರೆ ಮುಳ್ಳು ಅಂತ ತಳ್ಳಿಹಾಕಬೇಡಿ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಗಟ್ಟಿಯಾಯಿತೇ ಅಂತ ನೋಡುತ್ತಾರೆ. ಇಷ್ಟು ಸರಳ ಪರೀಕ್ಷೆಯಿಂದಲೇ ವಿಷದ ಸುಳಿವು ಸಿಗುತ್ತದೆ.

ಡಾಕ್ಟರ ಮುಂದೆ

ಯಾವತ್ತು, ಹೇಗೆ ಬಿದ್ದಿರಿ ಅನ್ನುವುದನ್ನು ಇದ್ದ ಹಾಗೇ ಹೇಳಿ. ಮನೆಯಲ್ಲಿ ಯಾರಾದರೂ ಹೊಡೆದಿದ್ದರೆ ಅದನ್ನೂ ಹೇಳಿ, ಬಾಗಿಲು ತಗಲಿತು ಅಂತ ಮುಚ್ಚಿಟ್ಟರೆ ಡಾಕ್ಟರಿಗೆ ಏನು ಹುಡುಕಬೇಕು ಅಂತ ಗೊತ್ತಾಗುವುದಿಲ್ಲ. ಮಹಿಳೆಯರ ಸಹಾಯಕ್ಕೆ 181, ಮಕ್ಕಳಿಗೆ 1098 ಇದೆ. ಕುಡಿತದ ಅಭ್ಯಾಸ, ಲಿವರ್ ತೊಂದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಒದ್ದಾಡಿದ್ದು, ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವುದು, ಇವು ಯಾವುದನ್ನೂ ಬಿಡಬೇಡಿ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದು, ನಾಟಿ ಔಷಧಿ ಸೇರಿಸಿ, ಒಂದು ಕವರಿಗೆ ಹಾಕಿ ತೆಗೆದುಕೊಂಡು ಹೋಗಿ. ಸಣ್ಣ ಬಿಳಿ ಮಾತ್ರೆ ಅಂದರೆ ಯಾವುದು ಅಂತ ಅವರಿಗೆ ತಿಳಿಯುವುದಿಲ್ಲ, ಹೆಸರಿರುವ ಖಾಲಿ ಮಾತ್ರೆ ಸ್ಟ್ರಿಪ್ ಇದ್ದರೂ ನಡೆಯುತ್ತದೆ.