ಸೂಪರ್ ಮಾರಿಯೋ ಲ್ಯಾಂಡ್: ಹಳೇ ಅಭ್ಯಾಸ ಬಿಟ್ಟು ಆಡಿ

ಆಮೆಯ ತಲೆ ಮೇಲೆ ಹಾರಿದೆ, ಚಿಪ್ಪು ಬಿತ್ತು, ಒದೆಯೋಣ ಅಂತ ಹತ್ತಿರ ಹೋದೆ, ಢಂ! ಈ ಆಟದಲ್ಲಿ ನನ್ನ ಮೊದಲ ಸಾವು ಅದು. ಬೇರೆ ಮಾರಿಯೋ ಆಟಗಳಲ್ಲಿ ಚಿಪ್ಪು ಅಂದರೆ ಆಯುಧ, ಇಲ್ಲಿ ಅದು ಬಾಂಬು. ಹಾಗಾಗಿ ಮೊದಲ ಪಾಠ ಇದೇ: ಆಮೆಯನ್ನು ತುಳಿದ ಕೂಡಲೇ ಅಲ್ಲಿಂದ ಓಡಿ.

ಇದು 1989ರ ಏಪ್ರಿಲ್‌ನಲ್ಲಿ ಜಪಾನ್‌ನಲ್ಲಿ ನಿಂಟೆಂಡೋದ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್ ಜೊತೆಗೇ ಬಂದ ಆಟ. ನಾಲ್ಕು ಲೋಕ, ಒಂದೊಂದರಲ್ಲಿ ಮೂರು, ಒಟ್ಟು 12 ಲೆವೆಲ್. ಕೈ ಪಳಗಿದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಸೇವ್ ಇಲ್ಲ, ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಕೂತರೆ ಮುಗಿಸಿಯೇ ಏಳುತ್ತೇನೆ ಅನ್ನುವ ದಿನ ಶುರು ಮಾಡಿ.

ಸ್ಕ್ರೀನ್ ಚಿಕ್ಕದು, ಬರೀ 160 ಗುಣಿಸು 144 ಪಿಕ್ಸೆಲ್. ಮುಂದೆ ಏನಿದೆ ಅಂತ ಜಾಸ್ತಿ ದೂರ ಕಾಣಿಸುವುದಿಲ್ಲ. ಬಿ ಬಟನ್ ಒತ್ತಿ ಹಿಡಿದು ಓಡುತ್ತಲೇ ಇದ್ದರೆ ಶತ್ರು ಕಣ್ಣಿಗೆ ಬೀಳುವಷ್ಟರಲ್ಲಿ ಮೈಮೇಲೇ ಇರುತ್ತಾನೆ. ಹೊಸ ಜಾಗದಲ್ಲಿ ನಡೆಯಿರಿ, ದೊಡ್ಡ ಹಳ್ಳ ದಾಟಬೇಕಾದಾಗ ಮಾತ್ರ ಓಡಿ. ಇನ್ನೊಂದು ವಿಷಯ, ಅಂಚಿನಿಂದ ಜಂಪ್ ಮಾಡದೆ ಸುಮ್ನೆ ಕಾಲಿಟ್ಟರೆ ಮಾರಿಯೋ ಕಲ್ಲು ಬಿದ್ದ ಹಾಗೆ ನೇರ ಕೆಳಗೆ ಬೀಳುತ್ತಾನೆ. ಇಳಿಯುವುದಕ್ಕೂ ಜಂಪ್ ಮಾಡಿಯೇ ಇಳಿಯಿರಿ, ಕೆಳಗೆ ಎಲ್ಲಿ ಕಾಲೂರಬೇಕು ಅಂತ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಈಗ ಹೂವಿನ ವಿಷಯ. ಬೇರೆ ಮಾರಿಯೋ ಆಟಗಳ ಹಾಗೆ ಹೂ ಸಿಕ್ಕರೆ ಬೆಂಕಿ ಬರುತ್ತದೆ ಅಂದುಕೊಂಡಿದ್ದೀರಾ? ಬರುವುದು ರಬ್ಬರ್ ಚೆಂಡಿನಂಥ ಸೂಪರ್‌ಬಾಲ್. ಅದು ಓರೆಯಾಗಿ ಕೆಳಗೆ ಹೋಗಿ ನೆಲಕ್ಕೆ, ಗೋಡೆಗೆ, ಚಾವಣಿಗೆ ಬಡಿದು ಪುಟಿಯುತ್ತದೆ. ಒಂದು ಸಲಕ್ಕೆ ಒಂದೇ ಚೆಂಡು, ಮೊದಲನೆಯದು ಮಾಯವಾಗುವ ತನಕ ಎರಡನೆಯದು ಹೊರಡುವುದಿಲ್ಲ. ಅಂದರೆ ಬಯಲಲ್ಲಿ ಗುರಿ ತಪ್ಪಿದರೆ ಚೆಂಡು ಎಲ್ಲೋ ಹಾರಿಹೋಗುತ್ತದೆ, ಇಕ್ಕಟ್ಟಾದ ಜಾಗದಲ್ಲಿ ಮಾತ್ರ ಸುತ್ತಮುತ್ತ ಪುಟಿದು ಕೆಲಸ ಮುಗಿಸುತ್ತದೆ. ಅದರ ನಿಜವಾದ ಮಜಾ ಬೇರೆ: ಅದು ಕಾಯಿನ್‌ಗಳನ್ನೂ ಎತ್ತಿಕೊಳ್ಳುತ್ತದೆ! ಪೈಪ್ ಒಳಗಿನ ಕಾಯಿನ್ ಕೋಣೆಗೆ ಹೋದಾಗ ಒಂದು ಚೆಂಡು ಬಿಟ್ಟು ನೋಡಿ, ಕೈಗೆ ಎಟುಕದ್ದೂ ನಿಮ್ಮ ಲೆಕ್ಕಕ್ಕೆ ಬಂದು ಸೇರುತ್ತದೆ. 100 ಕಾಯಿನ್‌ಗೆ ಒಂದು ಲೈಫ್. ನೇರವಾಗಿ ಲೈಫ್ ಕೊಡುವ ವಸ್ತು ಇಲ್ಲಿ ಅಣಬೆ ಅಲ್ಲ, ಹೃದಯ. ಅದನ್ನು ನೋಡಿ ಹೆದರಿ ಓಡಿದವನೂ ನಾನೇ.

ಲೈಫ್ ಕೂಡಿಸುವ ಇನ್ನೊಂದು ದಾರಿ ಲೆವೆಲ್ ಕೊನೆಯಲ್ಲಿದೆ. ಅಲ್ಲಿ ಎರಡು ಬಾಗಿಲು, ಮೇಲೊಂದು ಕೆಳಗೊಂದು. ಕೆಳಗಿನದು ಸುಲಭ, ಆದರೆ ಕಷ್ಟಪಟ್ಟು ಮೇಲಿನದಕ್ಕೇ ಹೋಗಿ. ಅಲ್ಲಿಂದ ಹೋದರೆ ಏಣಿಯ ಬೋನಸ್ ಆಟ ಸಿಗುತ್ತದೆ, ಅದೃಷ್ಟ ಇದ್ದರೆ ಮೂರು ಲೈಫ್‌ವರೆಗೆ ಕೊಡುತ್ತದೆ, ಇಲ್ಲವೆಂದರೆ ಹೂ. ಪ್ರತಿ 1,00,000 ಪಾಯಿಂಟ್‌ಗೆ ಒಂದು ಕಂಟಿನ್ಯೂ (ಲೈಫ್ ಎಲ್ಲ ಮುಗಿದ ಮೇಲೂ ಆಟ ಮುಂದುವರಿಸುವ ಅವಕಾಶ) ಕೂಡ ಇದೆ, ಸೇವ್ ಇಲ್ಲದ ಆಟದಲ್ಲಿ ಅದು ಚಿನ್ನ. ಆದ್ದರಿಂದ ಮೊದಲ ಲೋಕದಲ್ಲಿ ಆತುರ ಬೇಡ, ಸಿಕ್ಕಿದ್ದೆಲ್ಲ ಬಾಚಿಕೊಳ್ಳಿ.

1-3ರ, ಅಂದರೆ ಮೊದಲ ಲೋಕದ ಮೂರನೇ ಲೆವೆಲ್‌ನ, ಬಾಸ್ (ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರು) ಬೆಂಕಿ ಉಗುಳುವ ಸಿಂಹದಂಥ ಪ್ರಾಣಿ. ಹೊಡೆಯಲೇಬೇಕು ಅಂತಿಲ್ಲ. ಅದರ ಹಿಂದೆ ಒಂದು ಸ್ವಿಚ್ ಇದೆ, ಪ್ರಾಣಿ ಮೇಲೆ ಹಾರಿದಾಗ ಕೆಳಗಿಂದ ನುಸುಳಿ ಮುಟ್ಟಿದರೆ ಸಾಕು. ಮಾರಿಯೋ ಬಿಡಿಸಿಕೊಳ್ಳಲು ಹೊರಟಿರುವುದು ರಾಜಕುಮಾರಿ ಡೈಸಿಯನ್ನು, ಆದರೆ ಇಲ್ಲಿ ಗೆದ್ದ ಮೇಲೆ ಸಿಗುವ ಡೈಸಿಯನ್ನು ನಂಬಬೇಡಿ, ಅದು ವೇಷ ಹಾಕಿದ ಶತ್ರು.

2-3 ಬಂದಾಗ ಆಟವೇ ಬದಲಾಗುತ್ತದೆ. ಮಾರಿಯೋ ಜಲಾಂತರ್ಗಾಮಿಯಲ್ಲಿ ಕೂತು ಗುಂಡು ಹಾರಿಸುತ್ತಾನೆ, ಸ್ಕ್ರೀನ್ ತನ್ನಷ್ಟಕ್ಕೆ ಸರಿಯುತ್ತದೆ. ಇಲ್ಲಿ ಸಾಯುವುದು ಹೆಚ್ಚಾಗಿ ಗೋಡೆಗೂ ಸ್ಕ್ರೀನಿನ ಎಡ ಅಂಚಿಗೂ ನಡುವೆ ಸಿಕ್ಕಿಕೊಂಡು. ಎಡ ಅಂಚಿಗೆ ಅಂಟಿಕೊಳ್ಳಬೇಡಿ, ಬ್ಲಾಕ್‌ಗಳು ಎದುರಾದರೆ ಮೊದಲೇ ಒಡೆದು ದಾರಿ ಮಾಡಿಕೊಳ್ಳಿ. 4-3ರಲ್ಲಿ ಇದೇ ಆಟ ವಿಮಾನದಲ್ಲಿ.

ಮೂರನೇ ಲೋಕದ ಉರುಳುವ ಬಂಡೆಗಳನ್ನು ಕಂಡು ತಪ್ಪಿಸಿಕೊಳ್ಳುವುದು ಸಹಜ. ಆದರೆ ಅವುಗಳ ಮೇಲೆ ನಿಲ್ಲಬಹುದು, ಸವಾರಿಯೂ ಮಾಡಬಹುದು. ನಾಲ್ಕನೆಯದರಲ್ಲಿ ಕೈ ಚಾಚಿ ಕುಪ್ಪಳಿಸುವ ಹೆಣಗಳು ಬರುತ್ತವೆ. ಅವನ್ನು ತುಳಿದರೆ ಸ್ವಲ್ಪ ಹೊತ್ತು ಬಿದ್ದಿರುತ್ತವೆ, ಆಮೇಲೆ ಎದ್ದು ಬರುತ್ತವೆ! ಪೂರ್ತಿ ಮುಗಿಸಲು ಸೂಪರ್‌ಬಾಲ್ ಬೇಕು, ಇಲ್ಲದಿದ್ದರೆ ತುಳಿದು ಹಿಂದೆ ನೋಡದೆ ಮುಂದೆ ಹೋಗಿ.

4-3ರ ಕೊನೆಯಲ್ಲಿ ಮೋಡದೊಳಗೆ ಅಡಗಿದ ಬಾಸ್ ಮೊದಲು, ಅದರ ಹಿಂದೆಯೇ ತನ್ನ ನೌಕೆಯಲ್ಲಿ ಡೈಸಿಯನ್ನು ಹೊತ್ತೊಯ್ದ ಖಳ ಟಟಾಂಗ. ಮೋಡ ಒಡೆಯಿತು ಅಂತ ಕೈ ಸಡಿಲ ಬಿಡಬೇಡಿ, ನಾನು ಎರಡು ಸಲ ಹಾಗೇ ಸೋತಿದ್ದೇನೆ. ಈ ಸಲ ಸಿಗುವ ಡೈಸಿ ಮಾತ್ರ ಅಸಲಿ. ಮುಗಿದ ಮೇಲೆ ಮತ್ತೆ ಶುರು ಮಾಡಿದರೆ ಜಾಸ್ತಿ ಶತ್ರುಗಳಿರುವ ಕಠಿಣ ಸುತ್ತು, ಅದನ್ನೂ ಗೆದ್ದರೆ ಯಾವ ಲೆವೆಲ್‌ನಿಂದ ಬೇಕಾದರೂ ಶುರು ಮಾಡಬಹುದು.