ವೀಣೆಯ ನಾದ ಕೊನೆಯ ಸಾಲಿಗೆ ಮುಟ್ಟುವವರೆಗೆ

ವೀಣೆಯನ್ನೇ ನಂಬಿ ಬದುಕಲು ಹೊರಟವನಿಗೆ ಮೊದಲು ಎದುರಾಗುವ ಕಷ್ಟ ರಾಗದ್ದೂ ಅಲ್ಲ, ತಾಳದ್ದೂ ಅಲ್ಲ. ವಾದ್ಯದ ದನಿ ಚಿಕ್ಕದೆಂಬುದೇ ಆ ಕಷ್ಟ. ಪಿಟೀಲಿನವರಿಗೆ ಕಮಾನಿದೆ, ಕೊಳಲಿನವರಿಗೆ ಉಸಿರಿದೆ. ನಮಗಿರುವುದು ಒಂದು ಮೀಟು, ಮತ್ತು ಆ ನಾದ ಆರುವ ಮುನ್ನ ಎಡಗೈ ಮಾಡಬಲ್ಲಷ್ಟು ಕೆಲಸ. ಸಾಧನೆಯಿಂದ ಹಿಡಿದು ವೇದಿಕೆಯವರೆಗೆ ನಾನು ಮಾಡಿಕೊಂಡ ಏರ್ಪಾಡುಗಳೆಲ್ಲ ಹೆಚ್ಚುಕಡಮೆ ಇದಕ್ಕಾಗಿಯೇ.

ನಾನು ಕಲಿತದ್ದು ಮೈಸೂರು ಬಾನಿಯಲ್ಲಿ, ಎಂದರೆ ಮೈಸೂರಿನ ನುಡಿಸಾಣಿಕೆಯ ಶೈಲಿಯಲ್ಲಿ. ವೀಣೆ ಶೇಷಣ್ಣನವರು (1852–1926), ಅವರ ಶಿಷ್ಯರಾದ ವೆಂಕಟಗಿರಿಯಪ್ಪನವರು, ಅವರ ಬಳಿ ಕಲಿತ ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಬೆಳೆಸಿದ ಈ ಬಾನಿಯಲ್ಲಿ ತೋರುಬೆರಳು, ನಡುಬೆರಳುಗಳನ್ನು ಜೋಡಿಸಿ ಮಾತ್ರವಲ್ಲದೆ ಬಿಡಿಬಿಡಿಯಾಗಿಯೂ ಬಳಸುವುದರಿಂದ ಸ್ವರಗಳು ಉಜ್ಜಿದಂತಾಗದೆ ಬಿಡಿಸಿಟ್ಟಂತೆ ಕೇಳುತ್ತವೆ. ನಮ್ಮ ಗುರುಗಳು ಸರಳೆ, ಜಂಟಿಗಳೆಂಬ ಮೊದಲ ಪಾಠಗಳನ್ನು ಮುಗಿಸಿದ ಮೇಲೂ ಒಂದೇ ಮೀಟಿನಲ್ಲಿ ಎಷ್ಟು ಸ್ವರ ಕೇಳಿಸಬಹುದೆಂಬುದನ್ನೇ ಪ್ರತಿದಿನ ಅಭ್ಯಾಸ ಮಾಡಿಸುತ್ತಿದ್ದರು. ಬೆರಳ ಒತ್ತಡ ತುಸು ಸಡಿಲವಾದರೂ ಮೂರನೆಯ ಸ್ವರದ ಹೊತ್ತಿಗೆ ನಾದ ಸತ್ತುಹೋಗುತ್ತದೆ. ಮೀಟಲು ಬಲಗೈ ಬೆರಳಿಗೆ ತೊಡುವ ತಂತಿಯ ಉಗುರನ್ನು ನಾನು ಹಾಕಿಕೊಳ್ಳುವವನಲ್ಲ. ಸ್ವಂತ ಉಗುರಿನಿಂದಲೇ ಮೀಟುತ್ತೇನೆ, ಆದ್ದರಿಂದ ಉಗುರು ಮುರಿದಿದ್ದಾಗ ಕಛೇರಿ ಒಪ್ಪಿಕೊಳ್ಳುವುದಿಲ್ಲ.

ಕೈ ಎಷ್ಟೇ ಪಳಗಿದ್ದರೂ ಮೇಳ, ಎಂದರೆ ತಂತಿಯಡಿಯ ಮೆಟ್ಟಿಲುಗಳ ಜೋಡಣೆ, ಸರಿಯಿಲ್ಲದ ವೀಣೆ ಹಾಡುವುದಿಲ್ಲ. ಇಪ್ಪತ್ನಾಲ್ಕು ಮೆಟ್ಟಿಲುಗಳೂ ಕುಳಿತಿರುವುದು ಜೇನುಮೇಣ ಬೆರೆಸಿದ ಕರಿ ಮೇಣದ ಮೇಲೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತದೆ. ಪೂರ್ತಿ ಮೇಳ ಕಟ್ಟುವ ಕೆಲಸವನ್ನು ಕುಶಲಕರ್ಮಿಗಳಿಗೇ ಬಿಟ್ಟಿದ್ದೇನೆ, ಆದರೆ ಒಂದೆರಡು ಮೆಟ್ಟಿಲು ಸರಿಪಡಿಸುವುದನ್ನು ಪಕ್ಕದಲ್ಲಿ ಕುಳಿತು ಕಲಿತುಕೊಂಡೆ. ಮೊದಲ ತಂತಿಯಾದ ಸಾರಣಿಯ ಹನ್ನೆರಡನೆಯ ಮೆಟ್ಟಿಲಿನಲ್ಲಿ ತಾರ ಷಡ್ಜ, ಎಂದರೆ ಮೇಲಿನ ಸ, ನುಡಿಯಬೇಕು. ಎರಡನೆಯದಾದ ಪಂಚಮದ ತಂತಿಯ ಐದನೆಯ ಮೆಟ್ಟಿಲು ಬಿಡಿ (ಬೆರಳೊತ್ತದ) ಸಾರಣಿಗೂ, ಮೂರನೆಯದಾದ ಮಂದ್ರದ ಏಳನೆಯದು ಬಿಡಿ ಪಂಚಮಕ್ಕೂ ಕೂಡಬೇಕು. ಎಲ್ಲಿ ಕೂಡದೋ ಅಲ್ಲಿ ಮೇಣವನ್ನು ಸ್ವಲ್ಪವೇ ಬಿಸಿಮಾಡಿ, ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ಆರಿದ ಮೇಲೆ ಮತ್ತೆ ಮೀಟಿ ನೋಡುತ್ತೇನೆ. ಶ್ರುತಿಪೆಟ್ಟಿಗೆಗಿಂತ ಕಿವಿ ಮೇಲೆನ್ನುವುದು ನನಗೆ ಈ ಕೆಲಸದಲ್ಲಿಯೇ ಮನದಟ್ಟಾಯಿತು. ಎತ್ತರ ಮಾತ್ರ ಇನ್ನೂ ಸೂಕ್ಷ್ಮ: ಒಂದು ಮೆಟ್ಟಿಲು ಪಕ್ಕದ್ದಕ್ಕಿಂತ ತುಸು ಎದ್ದಿದ್ದರೂ ಹಿಂದಿನ ಸ್ವರ ಕಿರ‍್ರೆನ್ನುತ್ತದೆ.

ಜೀವನೋಪಾಯದ ಮಾತು ಬೇಗ ಮುಗಿಯುತ್ತದೆ. ವಿದ್ವತ್ ಪರೀಕ್ಷೆ ಮುಗಿಸಿ, ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಮೊದಲು ಬಿ ಶ್ರೇಣಿ, ಬಳಿಕ ಅದರ ಮೇಲಿನ ಬಿ ಹೈ ಪಡೆದೆ. ಆದರೂ ಮನೆ ನಡೆದದ್ದು ಪಾಠದಿಂದ. ರೇಡಿಯೊ ನನಗೆ ಕೊಟ್ಟದ್ದು ಹಣಕ್ಕಿಂತ ಹೆಚ್ಚಾಗಿ ಕೇಳುವ ಅಭ್ಯಾಸ. ಸ್ಟುಡಿಯೊದ ನಿಶ್ಶಬ್ದದಲ್ಲಿ, ನನ್ನ ಬೆರಳು ತಂತಿಯ ಮೇಲೆ ಜಾರುವ ಸದ್ದು ಸ್ವರದಷ್ಟೇ ಜೋರಾಗಿ ದಾಖಲಾಗಿತ್ತು. ಅಲ್ಲಿಂದ ಬೆರಳಿಗೆ ಎಣ್ಣೆ ಎಷ್ಟು ಹಚ್ಚಬೇಕೆಂಬುದನ್ನೂ ಲೆಕ್ಕವಿಟ್ಟುಕೊಂಡು ಕೂರತೊಡಗಿದೆ.

ಸಭೆಯಲ್ಲಿ ಕಾಂಟ್ಯಾಕ್ಟ್ ಮೈಕ್, ಎಂದರೆ ವಾದ್ಯಕ್ಕೇ ಅಂಟಿಸುವ ಮೈಕ್, ಬೇಡವೆನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆ ಮೈಕನ್ನು ಜೋರು ಮಾಡಿದರೆ ವೀಣೆ ಗಿಟಾರಿನಂತಾಗುತ್ತದೆ. ಆದರೆ ಮೃದಂಗ, ಘಟಗಳ ನಡುವೆ ಬರಿಯ ಸ್ಟ್ಯಾಂಡ್ ಮೈಕನ್ನು ನಂಬಿದರೆ ವೈಣಿಕ ಒರಟಾಗಿ ಮೀಟತೊಡಗುತ್ತಾನೆ, ಸ್ವರದ ತೂಗಾಟವಾದ ಗಮಕ ಹಾಳಾಗುತ್ತದೆ. ನಾನು ಎರಡನ್ನೂ ಇಡಿಸುತ್ತೇನೆ: ವೀಣೆಯ ದುಂಡನೆಯ ಕೊಡದ ಮೇಲಿನ ಕಾಂಟ್ಯಾಕ್ಟ್ ಮೈಕಿನ ದನಿ ಸಣ್ಣಗೆ, ಎದುರಿನ ಸ್ಟ್ಯಾಂಡ್ ಮೈಕಿನದು ಅದಕ್ಕಿಂತ ಜೋರಾಗಿ. ಮೊದಲು ಎಲ್ಲಕ್ಕಿಂತ ತಗ್ಗು ಶ್ರುತಿಯ ಅನುಮಂದ್ರ ತಂತಿಯನ್ನು ಮೀಟಿ ತೋರಿಸುತ್ತೇನೆ, ಏಕೆಂದರೆ ಗುಡುಗುವುದು ಆ ತಂತಿಯೇ. ಅದು ಹದಕ್ಕೆ ಬಂದರೆ ಉಳಿದವುಗಳಿಗೆ ಹೆಚ್ಚು ತಿದ್ದುಪಡಿ ಬೇಕಾಗುವುದಿಲ್ಲ. ಪ್ರತಿಧ್ವನಿ ಸೇರಿಸಬೇಡಿ ಎಂದು ಧ್ವನಿವರ್ಧಕದವರಿಗೆ ಹೇಳುವುದನ್ನು ಮರೆಯುವುದಿಲ್ಲ. ತಾನ (ಲಯಬದ್ಧ ರಾಗವಿಸ್ತಾರ) ನುಡಿಸುವಾಗ ಪಕ್ಕದ ತಾಳದ ತಂತಿಗಳೊಡನೆ ಬೆರೆಯುವ ನಾದವನ್ನು ಅದು ಕಲಸಿಬಿಡುತ್ತದೆ.